ರಾಯಚೂರಿನ ಬಿಸಿಲಿಗೆ ತಕ್ಕ ಎಂಸಿಬಿ ಬಾಕ್ಸ್: ಆರಿಸುವುದು ಹೇಗೆ, ಕೂಡಿಸುವುದು ಹೇಗೆ

ಏಪ್ರಿಲ್ ಬಂತೆಂದರೆ ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಕೂಲರ್ ಹೊರಗೆ ಬರುತ್ತದೆ. ಹುಲ್ಲು ಬದಲಿಸಿ, ನೀರು ತುಂಬಿ, ಕಿಟಕಿಗೆ ನಿಲ್ಲಿಸುತ್ತಾರೆ. ಅದೇ ವಾರ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬಂದ್ ಆಗುವ ಸ್ವಿಚ್ಚು, ಮೇಲಿಂದ ಮೇಲೆ ಬೀಳಲು ಶುರುವಾಗುತ್ತದೆ. ವೈರ್‌ಮ್ಯಾನ್ ಬಂದು ನೋಡಿ, "ಲೋಡ್ ಜಾಸ್ತಿ ಆಗೇತ್ರೀ ಯಜಮಾನ್ರ, ದೊಡ್ಡದು ಹಾಕ್ತೀನಿ" ಎಂದು 16 ಆಂಪಿನದನ್ನು ಕಿತ್ತು 32 ಆಂಪಿನದನ್ನು ಹಾಕಿ ಹೋಗುತ್ತಾನೆ. ಬೀಳುವುದು ನಿಲ್ಲುತ್ತದೆ. ಆದರೆ ಗೋಡೆಯೊಳಗಿನ 2.5 ಸ್ಕ್ವೇರ್ ಎಂಎಂ ವೈರಿಗೆ ಅಂದಿನಿಂದ ಕಾವಲೇ ಇಲ್ಲ. ಅದು ಕಾದು, ಮೇಲಿನ ಪಿವಿಸಿ ಒಣಗಿ, ಯಾವತ್ತೋ ಒಂದು ದಿನ ಒಳಗೊಳಗೇ ಸುಟ್ಟುಕೊಳ್ಳುತ್ತದೆ.

ಬಾಕ್ಸ್ ಕೊಳ್ಳುವ ಮೊದಲು ಇಷ್ಟು ತಿಳಿದಿರಲಿ. ಎಂಸಿಬಿ ಕಾಯುವುದು ವೈರನ್ನು. ಕೂಲರ್, ಗೀಸರ್, ಎಸಿ ಇವುಗಳನ್ನು ಕಾಯುವುದು ಅದರ ಕೆಲಸವಲ್ಲ. ಮನುಷ್ಯನನ್ನು ಕಾಯಲು, ಕರೆಂಟು ಸೋರಿದಾಗ ಬೀಳುವ ಆರ್‌ಸಿಸಿಬಿ ಎಂಬ ಬೇರೆಯದೇ ಸಾಧನ ಬೇಕು. ಈ ಎರಡರಲ್ಲಿ ಒಂದನ್ನೂ ಬಿಡುವಂತಿಲ್ಲ. ಕಬ್ಬಿಣದ ಮೈಯ ಕೂಲರ್, ಒದ್ದೆ ನೆಲ, ಬರಿಗಾಲು ಮೂರೂ ಒಂದೇ ಜಾಗದಲ್ಲಿ ಸೇರುವ ನಮ್ಮ ಬೇಸಿಗೆಯಲ್ಲಂತೂ ಬಿಡಲೇಬಾರದು.

ಕೆಲಸ ಯಾರದು

ಬಾಕ್ಸ್ ಆರಿಸುವುದು, ಜಾಗ ಗುರುತಿಸುವುದು, ಮುಗಿದ ಕೆಲಸ ಸರಿಯಿದೆಯೇ ಎಂದು ನೋಡುವುದು ನಿಮ್ಮ ಕೈಯಲ್ಲಿದೆ. ವೈರ್ ಜೋಡಿಸುವ ಕೆಲಸ ಪರವಾನಗಿ ಇರುವ ಗುತ್ತಿಗೆದಾರರದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಹೇಳುವುದೂ ಅದನ್ನೇ. ಮೀಟರಿನ ಮುದ್ರೆ, ಅದರ ಹಿಂದಿನ ಕಟೌಟು (ಫ್ಯೂಸ್ ಕೂರುವ ಪಿಂಗಾಣಿ ತುಂಡು), ಕಂಬದಿಂದ ಬರುವ ಸರ್ವಿಸ್ ವೈರು ಇವು ನಮ್ಮ ವಿದ್ಯುತ್ ಕಂಪನಿ ಜೆಸ್ಕಾಂ ಹೊಣೆ. ಇವನ್ನು ನೀವೂ ಮುಟ್ಟಬೇಡಿ, ನೀವು ಕರೆಸಿದ ಎಲೆಕ್ಟ್ರಿಷಿಯನ್ನಿಗೂ ಮುಟ್ಟಲು ಬಿಡಬೇಡಿ. ಮೇನ್ ಸ್ವಿಚ್ ಬಂದ್ ಮಾಡಿದರೂ ಅದಕ್ಕೆ ಬರುವ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಅದನ್ನು ಬಂದ್ ಮಾಡಿಸಲು ಸೆಕ್ಷನ್ ಆಫೀಸಿಗೆ ಹೇಳಿ ಲೈನ್‌ಮ್ಯಾನ್ ಕರೆಸಿ.

ಮೊದಲು ಮನೆಯ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಮನೆಯಲ್ಲಿರುವುದನ್ನೆಲ್ಲ ಬರೆಯಿರಿ. ಎರಡು ವರ್ಷದಲ್ಲಿ ತರಬೇಕೆಂದಿರುವುದನ್ನೂ ಸೇರಿಸಿ. ವಾಟ್ಸನ್ನು 230ರಿಂದ ಭಾಗಿಸಿದರೆ ಸುಮಾರಾಗಿ ಆಂಪ್ ಸಿಗುತ್ತದೆ. 2000 ವಾಟಿನ ಗೀಸರ್ ಅಂದರೆ 9 ಆಂಪಿಗೆ ಹತ್ತಿರ, 3000 ವಾಟಿನ ಇನ್‌ಸ್ಟಂಟ್ ಗೀಸರ್ ಅಂದರೆ 13. ಒಂದೂವರೆ ಟನ್ ಎಸಿ 7–8 ಆಂಪ್ ಎಳೆಯುತ್ತದೆ. ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿದ್ದರೆ 9. ಸಂಪಿನಿಂದ ಮಾಳಿಗೆಗೆ ನೀರೇರಿಸುವ 1 ಎಚ್‌ಪಿ ಮೋಟರ್ ಓಡುವಾಗ 5–6 ಆಂಪ್ ಎಳೆದರೂ ಚಾಲೂ ಆಗುವ ಕ್ಷಣಕ್ಕೆ ಅದರ ಐದಾರು ಪಟ್ಟು ಎಳೆಯುತ್ತದೆ. ಕೂಲರ್, ಫ್ಯಾನ್, ಫ್ರಿಜ್, ಎಲ್‌ಇಡಿ ಬಲ್ಬುಗಳು ಇವುಗಳ ಮುಂದೆ ಚಿಲ್ಲರೆ.

ಎಲ್ಲವೂ ಒಂದೇ ಹೊತ್ತಿಗೆ ಓಡುವುದಿಲ್ಲ. ಗೀಸರಿಗೂ ಎಸಿಗೂ ನಮ್ಮಲ್ಲಿ ಕಾಲವೇ ಬೇರೆ. ಮೇ ತಿಂಗಳ ರಾತ್ರಿ ಎಂಟು ಗಂಟೆಗೆ ಏನೇನು ಓಡುತ್ತಿರುತ್ತದೆ ಎಂದು ನೆನೆಸಿಕೊಂಡು ಕೂಡಿಸಿದರೆ ನಿಮ್ಮ ಮನೆಯ ನಿಜವಾದ ಹೊರೆ ಗೊತ್ತಾಗುತ್ತದೆ. ಅದನ್ನು ಕರೆಂಟ್ ಬಿಲ್ಲಿನ ಮೇಲಿರುವ ಮಂಜೂರಾದ ಲೋಡಿನ ಜೊತೆ ಹೋಲಿಸಿ ನೋಡಿ. ಮೀರಿದ್ದರೆ ಮೊದಲು ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ. ಹೊಸ ಬಾಕ್ಸ್ ಆಮೇಲೆ. ಹೊರೆ ತೀರ ದೊಡ್ಡದಾದರೆ ತ್ರೀ ಫೇಸ್ ಬೇಕಾಗುತ್ತದೆ, ಆಗ ಬಾಕ್ಸಿನ ಜಾತಿಯೇ ಬೇರೆ. ಇಲ್ಲಿ ಹೇಳುತ್ತಿರುವುದು ಸಿಂಗಲ್ ಫೇಸ್ ಮನೆಗೆ.

ಆಮೇಲೆ ಲೈನುಗಳನ್ನು ವಿಂಗಡಿಸಿ. ಎರಡು ಮಲಗುವ ಕೋಣೆ, ಪಡಸಾಲೆ, ಅಡುಗೆಮನೆ ಇರುವ ಮನೆಗೆ ನಾನು ಸೂಚಿಸುವುದು ಹೀಗೆ: ಬಲ್ಬು–ಫ್ಯಾನಿಗೆ ಎರಡು ಲೈನು (ಒಂದು ಬಿದ್ದರೆ ಇನ್ನೊಂದು ಕಡೆ ಬೆಳಕಿರಬೇಕು), ಪಡಸಾಲೆ ಮತ್ತು ಕೋಣೆಗಳ ಪ್ಲಗ್ಗಿಗೆ ಒಂದು, ಅಡುಗೆಮನೆಗೆ ಎರಡು. ಗೀಸರ್, ಎಸಿ, ಮೋಟರ್, ಕೂಲರ್ ಇವಕ್ಕೆ ಒಂದೊಂದು. ಕೂಲರಿಗೆ ಬೇರೆ ಲೈನು ಯಾಕೆ ಎಂದು ಅನೇಕರು ಕೇಳುತ್ತಾರೆ, ಕಾರಣ ಮುಂದೆ ಬರುತ್ತದೆ.

ವೈರು ನೋಡಿ ಎಂಸಿಬಿ

ತಾಮ್ರದ ವೈರಿಗೆ ಈ ಮಿತಿ ಇಟ್ಟುಕೊಳ್ಳಿ. 1.5 ಸ್ಕ್ವೇರ್ ಎಂಎಂ ವೈರಿಗೆ 6 ಅಥವಾ 10 ಆಂಪ್. 2.5ಕ್ಕೆ 16. 4ಕ್ಕೆ 20. 6ಕ್ಕೆ ಹೆಚ್ಚೆಂದರೆ 32. 40 ಆಂಪಿನ ಮೇನಿಗೆ 10 ಸ್ಕ್ವೇರ್ ಎಂಎಂ. ಹಳೆ ಮನೆಯಾದರೆ ಗೋಡೆಯೊಳಗೆ ಯಾವ ವೈರಿದೆ ಎಂದು ಸ್ವಿಚ್‌ಬೋರ್ಡ್ ಬಿಚ್ಚಿಸಿ ನೋಡಿ. ಬಾಕ್ಸಿನ ಬಳಿ ದಪ್ಪ ಕಂಡ ವೈರು ಒಳಗೆ ಹೋಗುತ್ತ ತೆಳುವಾಗಿರುವುದುಂಟು. ಇಡೀ ಲೈನಿನಲ್ಲಿ ಎಲ್ಲಕ್ಕಿಂತ ತೆಳುವಾದ ತುಂಡು ಯಾವುದೋ, ಎಂಸಿಬಿ ಅದಕ್ಕೆ ತಕ್ಕಂತಿರಬೇಕು.

ಎಂಸಿಬಿ ಮೇಲೆ ಬಿ, ಸಿ, ಡಿ ಎಂಬ ಅಕ್ಷರ ಇರುತ್ತದೆ. ಶಾರ್ಟ್ ಆದಾಗ ಎಷ್ಟು ಕರೆಂಟಿಗೆ ಅದು ತಟ್ಟನೆ ಬೀಳುತ್ತದೆ ಎಂಬುದನ್ನು ಅದು ಹೇಳುತ್ತದೆ. ಬಿ ಆದರೆ 3ರಿಂದ 5 ಪಟ್ಟಿಗೆ, ಸಿ ಆದರೆ 5ರಿಂದ 10 ಪಟ್ಟಿಗೆ, ಡಿ ಆದರೆ 10ರಿಂದ 20 ಪಟ್ಟಿಗೆ. ಬಲ್ಬು, ಗೀಸರಿಗೆ ಬಿ ಸಾಕು. ಎಸಿ, ಮೋಟರಿಗೆ ಸಿ. ಮನೆಯಲ್ಲಿ ಡಿ ಬೇಕಾಗುವುದು ಅಪರೂಪ. ಮೋಟರ್ ಬೀಳಿಸುತ್ತದೆ ಎಂದು ಡಿ ಹಾಕಿಸುವ ಮೊದಲು ಮೋಟರಿನ ಬೇರಿಂಗು, ಕೆಪಾಸಿಟರ್ ನೋಡಿಸಿ.

ಇನ್ನು ನಮ್ಮ ಬಿಸಿಲು. ಎಂಸಿಬಿಯ ಅಳತೆಯನ್ನು ಕಾರ್ಖಾನೆಯಲ್ಲಿ ಗೊತ್ತು ಮಾಡುವುದು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇ ತಿಂಗಳಲ್ಲಿ ಹೊರಗೇ 40 ದಾಟಿರುವಾಗ, ಸಾಲಾಗಿ ಹತ್ತು ಎಂಸಿಬಿ ಒತ್ತಿ ಕೂತಿರುವ ಮುಚ್ಚಿದ ಬಾಕ್ಸಿನೊಳಗೆ 50ರ ಆಸುಪಾಸು ಇರುತ್ತದೆ. ಆಗ 16 ಎಂದು ಬರೆದಿರುವುದು 14–15ರಂತೆ ನಡೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಎಂಸಿಬಿ ಬೀಳುವುದಕ್ಕೆ ಇದೂ ಒಂದು ಕಾರಣ. ಅದೇ ಸೆಕೆಯಲ್ಲಿ ವೈರು ತಡೆಯುವ ಶಕ್ತಿಯೂ ಇಳಿದಿರುತ್ತದಾದ್ದರಿಂದ ಎಂಸಿಬಿ ದೊಡ್ಡದು ಮಾಡುವುದು ಪರಿಹಾರವಾಗದು. ಲೈನು ಒಡೆದು ಎರಡು ಮಾಡಿ, ಇಲ್ಲವೇ ವೈರು ದಪ್ಪ ಮಾಡಿ. ಬಾಕ್ಸನ್ನು ಎರಡು ಸೈಜು ದೊಡ್ಡದು ಕೊಳ್ಳಿ. ಹೆಚ್ಚು ಹೊತ್ತು ಹೊರೆ ಹೊರುವ ಎಸಿ ಮತ್ತು ಗೀಸರಿನ ಎಂಸಿಬಿಗಳನ್ನು ಪಕ್ಕಪಕ್ಕ ಕೂಡಿಸದೆ, ನಡುವೆ ಬಲ್ಬಿನ ಎಂಸಿಬಿ ಇಡಿಸಿ.

ಬಾಕ್ಸ್ ಮತ್ತು ಅದರ ಜಾಗ

ಅಂಗಡಿಯಲ್ಲಿ 8 ವೇ, 12 ವೇ ಎಂದು ಹೇಳುತ್ತಾರೆ. ಕೆಲವು ಕಂಪನಿಗಳು ಮೇನಿನ ಜಾಗ ಸೇರಿಸಿ ಎಣಿಸುತ್ತವೆ, ಕೆಲವು ಬಿಟ್ಟು ಎಣಿಸುತ್ತವೆ. ಬಾಕ್ಸ್ ಬಿಚ್ಚಿಸಿ ಒಳಗಿನ ಮನೆಗಳನ್ನು, ಅಂದರೆ ಎಂಸಿಬಿ ಕೂರುವ ಖಾನೆಗಳನ್ನು, ನೀವೇ ಎಣಿಸಿ, ಒಂದೊಂದೂ ಸುಮಾರು 18 ಮಿಲಿಮೀಟರ್ ಅಗಲ. ಸಿಂಗಲ್ ಪೋಲ್ ಎಂಸಿಬಿಗೆ ಒಂದು ಮನೆ, ಡಬಲ್ ಪೋಲ್ ಮೇನಿಗೆ ಎರಡು, ಆರ್‌ಸಿಸಿಬಿಗೆ ಎರಡು ಬೇಕು. ಮೇಲೆ ಹೇಳಿದ ಮನೆಗೆ ಎರಡು ಆರ್‌ಸಿಸಿಬಿ ಸೇರಿ ಹದಿನಾರು ಹದಿನೇಳು ಖಾನೆ ಆಗುತ್ತವೆ, ಮುಂದೆ ಹೇಳುವ ಇನ್ನೆರಡು ಸಾಧನಕ್ಕೆ ಜಾಗ ಬೇರೆ. ನಾಲ್ಕು ಖಾಲಿ ಇರುವಂತೆ ಕೊಳ್ಳಿ.

ಕಬ್ಬಿಣದ, ಎರಡು ಬಾಗಿಲಿನ ಬಾಕ್ಸ್ ನನಗೆ ಇಷ್ಟ. ಧೂಳು ಕಡಿಮೆ ನುಗ್ಗುತ್ತದೆ, ಒಳಗೇನಾದರೂ ಬಿಸಿಯಾದರೆ ಕರಗುವುದಿಲ್ಲ. ಅದರ ಮೈಗೂ ಬಾಗಿಲಿಗೂ ಅರ್ಥ್ ವೈರು ಕೊಡಲೇಬೇಕು. ಎಂಸಿಬಿ ಮೇಲೆ ಐಎಸ್‌ಐ ಮುದ್ರೆ ಮತ್ತು ಸಿಎಂ/ಎಲ್ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಅಸಲಿಯೋ ಅಲ್ಲವೋ ಅಂಗಡಿಯಲ್ಲಿ ನಿಂತೇ ಗೊತ್ತಾಗುತ್ತದೆ. ಪೇಟೆಯಲ್ಲಿ ನಕಲಿ ಮಾಲು ಇದೆ. ಇಲ್ಲಿ ಸಂಕೋಚ ಬೇಡ.

ಪಶ್ಚಿಮದ ಹೊರಗೋಡೆ ಬೇಡ. ಮಧ್ಯಾಹ್ನ ಕಾದ ಗೋಡೆ ಸರಿರಾತ್ರಿವರೆಗೂ ತಣಿಯುವುದಿಲ್ಲ. ಒಲೆಯ ಮೇಲೆ, ಸಿಂಕಿನ ಪಕ್ಕ, ಬಚ್ಚಲಮನೆಯ ಒಳಗೆ ಬೇಡ. ಮೆಟ್ಟಿಲ ಕೆಳಗೆ ಇಟ್ಟರೆ ಆರು ತಿಂಗಳಲ್ಲಿ ಅದರ ಮುಂದೆ ಜೋಳದ ಚೀಲ, ಹಾಸಿಗೆ ಸುರುಳಿ ಬಂದು ಕೂರುತ್ತವೆ. ಕತ್ತಲಲ್ಲಿ ಕೈಚಾಚಿದರೆ ಸಿಗಬೇಕು, ಮುಂದೆ ಒಂದು ಮೀಟರ್ ಖಾಲಿ ಇರಬೇಕು, ಎತ್ತರ ನೆಲದಿಂದ ಒಂದೂವರೆ ಮೀಟರ್ ಆಸುಪಾಸು ಇರಲಿ.

ಕಲ್ಲು–ಮಣ್ಣಿನ ಹಳೆ ಗೋಡೆಯಾದರೆ ಕೊರೆದು ಒಳಗೆ ಹೂಳುವ ಬಾಕ್ಸ್ ಬೇಡ. ಕಲ್ಲು ಸಡಿಲಾದರೆ ಗೋಡೆಗೇ ಅಪಾಯ. ಗೋಡೆ ಮೇಲೆ ಕೂಡಿಸುವ ಬಾಕ್ಸ್ ತಂದು, ಪೈಪುಗಳನ್ನು ಕೆಳಗಿನಿಂದ ಒಳಗೆ ತನ್ನಿ. ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಸೋರಿದರೆ ಮೇಲಿನಿಂದ ಬಂದ ಪೈಪಿನೊಳಗೇ ನೀರಿಳಿದು ನೇರ ಬಾಕ್ಸಿಗೆ ಬರುತ್ತದೆ. ಮರದ ಕಂಬಕ್ಕೆ, ತೊಲೆಗೆ ಬಡಿಯಬೇಡಿ.

ಆರ್‌ಸಿಸಿಬಿ ಮತ್ತು ಅರ್ಥಿಂಗ್

ಕೂಲರಿನ ಪಂಪಿನ ವೈರು ಸವೆದು ಫೇಸ್ ಅದರ ಕಬ್ಬಿಣದ ಮೈಗೆ ತಾಕಿತು ಎಂದುಕೊಳ್ಳಿ. ಅರ್ಥ್ ಚೆನ್ನಾಗಿದ್ದು ಒಟ್ಟು ತಡೆ 5 ಓಮ್ ಇದ್ದರೆ ಅದರ ಮೂಲಕ 46 ಆಂಪ್ ಹರಿಯುತ್ತದೆ. 16 ಆಂಪಿನ ಸಿ ಎಂಸಿಬಿ ತಟ್ಟನೆ ಬೀಳಬೇಕಾದರೆ 80ರಿಂದ 160 ಆಂಪ್ ಬೇಕು, ಹಾಗಾಗಿ ಅದು ಹಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ತಡೆ 50 ಓಮ್ ಆಗಿದ್ದರೆ ಹರಿಯುವುದು 5 ಆಂಪಿಗಿಂತ ಕಡಿಮೆ. ಎಂಸಿಬಿ ಬೀಳುವುದೇ ಇಲ್ಲ. ಕೂಲರಿನ ಮೈ ಮೇಲೆ 230 ವೋಲ್ಟಿಗೆ ಹತ್ತಿರದ ಕರೆಂಟು ನಿಂತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನೀರು ತುಂಬಲು ಬಂದ ಮಗು ಮುಟ್ಟಿದಾಗಲೇ ಗೊತ್ತಾಗುವುದು.

30 ಮಿಲಿ ಆಂಪಿನ ಆರ್‌ಸಿಸಿಬಿ ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ನೋಡುತ್ತಿರುತ್ತದೆ. 30 ಮಿಲಿ ಆಂಪಿನಷ್ಟು ಬೇರೆ ಕಡೆ ಸೋರಿದರೆ 0.3 ಸೆಕೆಂಡಿನೊಳಗೆ ಬೀಳುತ್ತದೆ. ಅರ್ಥ್ ಸುಮಾರಾಗಿದ್ದರೂ, ಕೂಲರಿನ ಮೈಗೆ ಫೇಸ್ ತಾಕಿದ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಅರ್ಥ್ ಇಲ್ಲವೇ ಇಲ್ಲದಿದ್ದರೆ ಯಾರಾದರೂ ಮುಟ್ಟಿ ಅವರ ಮೈಯಿಂದಲೇ ಕರೆಂಟು ಹರಿದಾಗ ಬೀಳುತ್ತದೆ. ಆದ್ದರಿಂದ ಎರಡೂ ಬೇಕು.

ಅಂಗಡಿಯಲ್ಲಿ 100, 300 ಮಿಲಿ ಆಂಪಿನವೂ ಇರುತ್ತವೆ. ಬೆಂಕಿ ತಡೆಯಲು ಅವು ಉಪಯೋಗಕ್ಕೆ ಬರುತ್ತವೆ, ಜೀವ ಉಳಿಸಲು 30ರದೇ ಬೇಕು. ಇನ್ವರ್ಟರ್ ಎಸಿ, ವಾಷಿಂಗ್ ಮಷೀನು ಇರುವ ಮನೆಗೆ 'ಎ' ಟೈಪಿನದು ಕೇಳಿ, ಹಳೆ 'ಎಸಿ' ಟೈಪಿನ ಆರ್‌ಸಿಸಿಬಿಗೆ (ಇದು ಟೈಪಿನ ಹೆಸರು, ತಂಪು ಮಾಡುವ ಎಸಿ ಅಲ್ಲ) ಈ ಯಂತ್ರಗಳ ಸೋರಿಕೆ ಸರಿಯಾಗಿ ತಿಳಿಯದಿರಬಹುದು. ಆರ್‌ಸಿಸಿಬಿ ಓವರ್‌ಲೋಡ್ ತಡೆಯುವುದಿಲ್ಲ. 40 ಆಂಪಿನ ಮೇನ್ ಎಂಸಿಬಿ ಇದ್ದರೆ ಆರ್‌ಸಿಸಿಬಿಯೂ 40 ಅಥವಾ ಹೆಚ್ಚಿನದಿರಲಿ. ಇಡೀ ಮನೆಗೆ ಒಂದೇ ಹಾಕಿದರೆ ಬಚ್ಚಲಿನ ಗೀಸರ್ ಸೋರಿದಾಗ ಫ್ರಿಜ್ಜೂ ಬಂದ್ ಆಗುತ್ತದೆ, ಬೇಸತ್ತ ಮನೆಯವರು ಆರ್‌ಸಿಸಿಬಿಯನ್ನೇ ತೆಗೆಸಿ ಹಾಕುತ್ತಾರೆ. ಎರಡು ಹಾಕಿ ಲೈನು ಹಂಚಿ. ಕೂಲರಿಗೆ ಮಾತ್ರ ಎಂಸಿಬಿಯೂ ಆರ್‌ಸಿಸಿಬಿಯೂ ಒಂದರಲ್ಲೇ ಇರುವ ಆರ್‌ಸಿಬಿಒ ಬೇರೆಯಾಗಿ, ಆ ಎರಡರ ಹಿಂದೆ ಬಾರದಂತೆ ಮೇನಿನಿಂದಲೇ ಕೊಡಿಸಿ. ಅದಕ್ಕೆ ಬೇರೆ ಲೈನು ಎಂದದ್ದು ಇದಕ್ಕೇ. ಅದು ಬಿದ್ದರೆ ಕೂಲರ್ ಒಂದೇ ನಿಲ್ಲುತ್ತದೆ, ದೋಷ ಎಲ್ಲಿದೆ ಎಂದು ಹುಡುಕಬೇಕಿಲ್ಲ.

ಅರ್ಥಿಂಗ್ ನಮ್ಮಲ್ಲಿ ಸುಲಭವಲ್ಲ. ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಬಿರುಕು ಬಿಟ್ಟಾಗ ಮಣ್ಣು ಪೈಪಿನಿಂದ ದೂರ ಸರಿಯುತ್ತದೆ, ಸಂಪರ್ಕವೇ ತಪ್ಪುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವಾಗ ಗದ್ದೆ ಪಕ್ಕದ ಮನೆಯ ಅರ್ಥ್ ಚೆನ್ನಾಗಿರುತ್ತದೆ, ಕಾಲುವೆ ಬಂದ್ ಆಗಿ ಎರಡು ತಿಂಗಳಾದರೆ ಕೆಡುತ್ತದೆ. ರಾಯಚೂರು ಊರಿನ ಬೆಟ್ಟದ ಸುತ್ತ ಕೈಯಳತೆ ಅಗೆದರೆ ಬಂಡೆ. ಎರೆಯಲ್ಲಿ 2.5ರಿಂದ 3 ಮೀಟರ್ ಆಳಕ್ಕೆ ಜಿಐ ಪೈಪ್ ಇಳಿಸಿ ಸುತ್ತ ಇದ್ದಿಲು–ಉಪ್ಪಿನ ಬದಲು ಅರ್ಥಿಂಗಿನ ಸಿದ್ಧ ಪುಡಿ ತುಂಬಿಸಿ. ಉಪ್ಪು ಪೈಪನ್ನು ತಿನ್ನುತ್ತದೆ. ಬಂಡೆ ಇದ್ದಲ್ಲಿ ಕೊರೆಯುವ ಯಂತ್ರ ತರಿಸಿ ತೂತು ಹೊಡೆಸಬೇಕು. ಒಂದು ಗುಂಡಿ ಸಾಲದಿದ್ದರೆ ಪೈಪಿನ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಇನ್ನೊಂದು. ಗುಂಡಿಯ ಬಾಯಿಗೆ ಮುಚ್ಚಳವಿರಲಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಅರ್ಥ್ ರೀಡಿಂಗನ್ನು ಮೇ ತಿಂಗಳಲ್ಲಿ ತೆಗೆಸಿ. ಆಗಸ್ಟಿನ ಹಸಿ ನೆಲದಲ್ಲಿ ಬಂದ 3 ಓಮ್ ನಂಬಿ ಕೂರುವಂತಿಲ್ಲ.

ಇನ್ನೆರಡು ಸಾಧನ

ಮುಂಗಾರು ಮುಂಚಿನ ಗಾಳಿ–ಮಳೆಗೆ ಬೀದಿಯ ನ್ಯೂಟ್ರಲ್ ವೈರು ಕಡಿದರೆ ಮನೆಗೆ 230ರ ಬದಲು 400 ವೋಲ್ಟಿನ ಹತ್ತಿರ ಬರಬಹುದು. ಒಂದೇ ಹೊತ್ತಿಗೆ ಓಣಿಯ ಟಿವಿಗಳೆಲ್ಲ ಸುಡುವುದು ಹೀಗೆ. ಎಂಸಿಬಿ, ಆರ್‌ಸಿಸಿಬಿ ಎರಡಕ್ಕೂ ಇದು ಗೊತ್ತಾಗುವುದಿಲ್ಲ. ವೋಲ್ಟೇಜ್ ಹೆಚ್ಚು–ಕಡಿಮೆಯಾದಾಗ ಬಂದ್ ಮಾಡಿ, ಸರಿಯಾದಾಗ ತಾನೇ ಚಾಲೂ ಮಾಡುವ ಪ್ರೊಟೆಕ್ಟರ್ ಇದೇ ಬಾಕ್ಸಿನ ಹಳಿಯ ಮೇಲೆ ಕೂರುತ್ತದೆ, ಹಾಕಿಸಿ. ದೂರದ ಸಿಡಿಲಿನಿಂದ ಲೈನಿನಲ್ಲಿ ಬರುವ ವೋಲ್ಟೇಜ್ ಹೊಡೆತವನ್ನು ಅರ್ಥಿಗೆ ಇಳಿಸಲು ಟೈಪ್ 2 ಎಸ್‌ಪಿಡಿ ಎಂಬ ಸಾಧನ. ಅದನ್ನು ಆರ್‌ಸಿಸಿಬಿಗಿಂತ ಮೊದಲು ಹಾಕಬೇಕು, ಅದರ ವೈರು ಒಟ್ಟು ಅರ್ಧ ಮೀಟರ್ ಮೀರಬಾರದು.

ಕೂಡಿಸುವ ದಿನ

ಕರೆಂಟು ಬಂದ್ ಆದ ಮೇಲೆ ಮನೆಯ ಬ್ಯಾಟರಿ ಇನ್ವರ್ಟರನ್ನೂ ಬಂದ್ ಮಾಡಿಸಿ. ಮೇನ್ ಕೆಳಗಿದ್ದರೂ ಬಲ್ಬಿನ ಲೈನಿಗೆ ಬ್ಯಾಟರಿಯಿಂದ 230 ವೋಲ್ಟ್ ಬರುತ್ತಿರುತ್ತದೆ, ಇದನ್ನು ಮರೆತವರು ಪೆಟ್ಟು ತಿನ್ನುತ್ತಾರೆ. ಟೆಸ್ಟರಿನ ಮಿಣುಕು ಬೆಳಕನ್ನು ನಂಬದೆ ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನಿಂದ ಅಳೆದು ನೋಡಲಿ.

ಪಕ್ಕದಲ್ಲಿ ನಿಂತು ಇವನ್ನು ಗಮನಿಸಿ. ಎಂಸಿಬಿಗಳಿಗೆ ಫೇಸ್ ಹಂಚಲು ತಾಮ್ರದ ಬಸ್‌ಬಾರ್ (ಉದ್ದ ಪಟ್ಟಿ) ಹಾಕಬೇಕು, ವೈರಿನ ತುಂಡುಗಳನ್ನು ಒಂದರಿಂದ ಒಂದಕ್ಕೆ ಜಿಗಿಸಬಾರದು. ಎಳೆಗಳಿರುವ ವೈರಿನ ತುದಿಗೆ ಲಗ್ (ಲೋಹದ ಟೊಪ್ಪಿ) ಒತ್ತಬೇಕು. ತೂತಿಗೆ ಹಿಡಿಸಲಿಲ್ಲವೆಂದು ನಾಲ್ಕು ಎಳೆ ಕತ್ತರಿಸುವುದನ್ನು ಕಂಡರೆ ತಡೆಯಿರಿ. ಮೀಟರ್ ಕಡೆಯಿಂದ ಬರುವುದು ಅಲ್ಯೂಮಿನಿಯಂ ಆಗಿದ್ದರೆ ಅದನ್ನು ತಾಮ್ರಕ್ಕೆ ನೇರ ಸುತ್ತಬಾರದು, ಎರಡೂ ಲೋಹ ಸೇರಿಸಿ ಮಾಡಿದ ಲಗ್ ಬೇಕು. ನ್ಯೂಟ್ರಲಿಗೆ ಒಂಟಿ ಫ್ಯೂಸ್ ಎಲ್ಲೂ ಇರಬಾರದು. ಹಳೆ ಪಿಂಗಾಣಿ ಕಟೌಟು ಮನೆಯ ಮೇನಿನ ಬಳಿ (ಮೀಟರಿನ ಹಿಂದಿನ ಜೆಸ್ಕಾಂನದಲ್ಲ) ಉಳಿದಿದ್ದರೆ ತೆಗೆಸಿಬಿಡಿ. ಖಾಲಿ ಉಳಿದ ಮನೆಗಳಿಗೆ ಬ್ಲಾಂಕ್ ಪ್ಲೇಟು, ಪೈಪಿನ ತೂತುಗಳಿಗೆ ಗ್ಲ್ಯಾಂಡ್ ಹಾಕಿಸಿ. ಹಲ್ಲಿ ನುಗ್ಗಿ ಬಸ್‌ಬಾರಿಗೆ ಅಡ್ಡ ಬಿದ್ದು ಶಾರ್ಟ್ ಆಗುವುದು ನಮ್ಮಲ್ಲಿ ಹೊಸದೇನಲ್ಲ.

ಎರಡು ಆರ್‌ಸಿಸಿಬಿ ಇದ್ದರೆ ನ್ಯೂಟ್ರಲ್ ಪಟ್ಟಿಯೂ ಎರಡಿರಬೇಕು. ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಸೇರಿದರೆ ಸ್ವಿಚ್ ಒತ್ತಿದ ಕೂಡಲೇ ಬೀಳುತ್ತದೆ. ಬ್ಯಾಟರಿ ಇನ್ವರ್ಟರಿನ ಪ್ಲಗ್ ಮತ್ತು ಅದು ಬೆಳಗಿಸುವ ಬಲ್ಬುಗಳ ನ್ಯೂಟ್ರಲ್ ಒಂದೇ ಆರ್‌ಸಿಸಿಬಿಯ ಕೆಳಗೆ ಬರಲಿ. ಇನ್ವರ್ಟರ್ ಇರುವ ಮನೆಗಳಲ್ಲಿ "ಆರ್‌ಸಿಸಿಬಿ ನಿಲ್ಲಂಗಿಲ್ರೀ" ಎಂದು ವೈರ್‌ಮ್ಯಾನ್ ಕೈಚೆಲ್ಲುವುದು ಬಹುಪಾಲು ಈ ಗೊಂದಲದಿಂದ. ನ್ಯೂಟ್ರಲ್ ಹುಡುಕಿ ಬೇರೆ ಮಾಡಲು ಒಂದು ದಿನದ ಕೂಲಿ ಹೆಚ್ಚಾದರೂ ಕೊಡಿ.

ಚಾಲೂ ಮಾಡುವ ಮುನ್ನ, ಆಮೇಲೆ

ಕರೆಂಟು ಬಿಡುವ ಮೊದಲು ಉಪಕರಣಗಳ ಪ್ಲಗ್ಗೆಲ್ಲ ಕಿತ್ತು, ಹೊಸದಾಗಿ ಹಾಕಿದ ಎಸ್‌ಪಿಡಿ, ಪ್ರೊಟೆಕ್ಟರ್ ಬಿಡಿಸಿ, 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಯಂತ್ರ) ಹಿಡಿಸಿ. ಪ್ರತಿ ಲೈನೂ ಅರ್ಥಿಗೆ ಕನಿಷ್ಠ 1 ಮೆಗಾ ಓಮ್ ತೋರಿಸಬೇಕು. ಮೆಗ್ಗರ್ ತರದ ಗುತ್ತಿಗೆದಾರನಿಗೆ ಕೊನೆಯ ಕಂತು ತಡೆಹಿಡಿಯಿರಿ. ಕರೆಂಟು ಬಂದ ಮೇಲೆ ಪ್ರತಿ ಪ್ಲಗ್ಗಿನಲ್ಲೂ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್ ಅಳೆದು ತೋರಿಸಲಿ, ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ನೀವೇ ಒತ್ತಿ, ತಟ್ಟನೆ ಬೀಳಬೇಕು. ಮುಂದೆ ತಿಂಗಳಿಗೊಮ್ಮೆ, ಅಮಾವಾಸ್ಯೆ ಎಂದು ಗುರುತಿಟ್ಟುಕೊಂಡರೆ ಮರೆಯುವುದಿಲ್ಲ, ಅದನ್ನು ಒತ್ತುತ್ತಿರಿ. ಯಾವ ಎಂಸಿಬಿ ಯಾವುದಕ್ಕೆ ಎಂದು ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿ, ಮನೆಯಲ್ಲಿರುವ ಅಜ್ಜಿಗೂ ಓದಿ ಹೇಳಿ. ಮೊದಲ ಬೇಸಿಗೆ ಕಳೆದ ಮೇಲೆ ಕರೆಂಟು ಬಂದ್ ಮಾಡಿಸಿ ಸ್ಕ್ರೂಗಳನ್ನೆಲ್ಲ ಒಮ್ಮೆ ಬಿಗಿ ಮಾಡಿಸಿ. ಸೆಕೆಗೆ ಹಿಗ್ಗಿ ಕುಗ್ಗಿ ಸಡಿಲಾಗಿರುತ್ತವೆ, ಸಡಿಲವಿದ್ದಲ್ಲೇ ಸುಡುವುದು.

ಆರ್‌ಸಿಸಿಬಿ ಬಿದ್ದಾಗ ಹೀಗೆ ಮಾಡಿ. ಅದರ ಕೆಳಗಿನ ಎಂಸಿಬಿ ಎಲ್ಲ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಮೇಲೆ ಮಾಡಿ. ಯಾವುದನ್ನು ಎತ್ತಿದಾಗ ಬಿತ್ತೋ ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ಎತ್ತಿ. ನಿಂತರೆ ದೋಷ ಉಪಕರಣದಲ್ಲಿದೆ, ನಿಲ್ಲದಿದ್ದರೆ ವೈರಿನಲ್ಲಿದೆ. ಎಂಸಿಬಿ ಎಲ್ಲ ಇಳಿಸಿದರೂ ಬೀಳುತ್ತಿದ್ದರೆ ಬಹುಪಾಲು ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿರುತ್ತದೆ, ಎಲೆಕ್ಟ್ರಿಷಿಯನ್ ಬರುವತನಕ ಅದನ್ನು ಮತ್ತೆ ಎತ್ತಬೇಡಿ.